ಮೇಣ ಹಚ್ಚಿದ ಚೈನು

ನನ್ನ ಅಪ್ಪನ ಸೈಕಲ್ ಅಂಗಡಿ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿ. ನಾನು ಅಕ್ಷರ ಕಲಿಯುವ ಮೊದಲೇ ಪಂಚರ್ ತಿದ್ದಲು ಕಲಿತೆ ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅದು ಪೂರ್ತಿ ನಿಜವಲ್ಲ. ಆದರೆ ನಾಲ್ಕನೇ ಇಯತ್ತೆಗೆ ಬರುವಷ್ಟರಲ್ಲಿ ಚೈನು ಬಿಚ್ಚಿ ಹಾಕುವುದು, ಬ್ರೇಕು ಬಿಗಿ ಮಾಡುವುದು, ಗಾಲಿಯ ಕಡ್ಡಿ ಎಳೆಯುವುದು ನನಗೆ ಬರುತ್ತಿತ್ತು. ಅಪ್ಪನ ಬಲಗೈ ಹತ್ತಿರ ಯಾವಾಗಲೂ ಉದ್ದ ಮೂತಿಯ ಎಣ್ಣೆ ಡಬ್ಬಿ ಇರುತ್ತಿತ್ತು. ಯಾವ ಕೆಲಸಕ್ಕೆ ಬಂದ ಗಾಡಿಯಾದರೂ ಸರಿ, ಕೊನೆಗೆ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಚೈನಿಗೆ ಎಣ್ಣೆ ಬಿಟ್ಟೇ ಕಳಿಸುತ್ತಿದ್ದ. "ಎಣ್ಣಿ ಇಲ್ಲದ ಚೈನು ಅಳತೈತಿ, ನನಗ ಕೇಳಾಕ ಆಗಂಗಿಲ್ಲ" ಅನ್ನುತ್ತಿದ್ದ.

ನಮ್ಮದು ಬೆಳಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಆದ ಮೇಲೆಯೇ ಚಹಾ ಕುಡಿಯುವ ಮನೆ. ನಾನು ಮೆಚ್ಚಿ ಮದುವೆಯಾದವರದು ಸಿಂಧನೂರಿನಲ್ಲಿ ಬುದ್ಧನ ಮೂರ್ತಿಯ ಮುಂದೆ ಮೇಣದಬತ್ತಿ ಹಚ್ಚುವ ಮನೆ. ಅವರ ಅಜ್ಜನ ಕಾಲದಲ್ಲಿ ಆ ಮನೆ ಊರ ಹೊರಗಿತ್ತು. ಈಗ ಮೊಮ್ಮಗ ಶಾಲೆ ಮಾಸ್ತರ, ಮನೆ ಊರೊಳಗೆ. ಆದರೆ ನಮ್ಮಪ್ಪನ ಲೆಕ್ಕದಲ್ಲಿ ಅದು ಇನ್ನೂ ಊರ ಹೊರಗೇ ಇತ್ತು. ಸಿಂಧನೂರು ತಾಲೂಕಿನಲ್ಲಿ ಕಾಲುವೆ ಬಂದ ಮೇಲೆ ವಲಸೆ ಬಂದವರು ಕಟ್ಟಿಕೊಂಡ ಊರುಗಳಿಗೆ ಕ್ಯಾಂಪು ಅನ್ನುತ್ತಾರೆ; ಅಂಥ ಒಂದು ಕ್ಯಾಂಪಿನ ಶಾಲೆಯಲ್ಲಿ ನನಗೆ ನೌಕರಿ ಸಿಕ್ಕಿತ್ತು. ಅದೇ ಶಾಲೆಯಲ್ಲಿ ಅವರೂ ಇದ್ದರು. ಕೊರೊನಾ ಮುಗಿದ ಮರುವರ್ಷ ನಾವು ರಿಜಿಸ್ಟರ್ ಮದುವೆಯಾದೆವು. ಸುದ್ದಿ ಹೇಳಲು ಹೋದಾಗ ಅಪ್ಪ ಬೈಯಲಿಲ್ಲ, ಅಳಲಿಲ್ಲ. ಬೋರಲು ಹಾಕಿದ್ದ ಒಂದು ಗಾಡಿಯ ಗಾಲಿ ತಿರುಗಿಸುತ್ತ ಕೂತ. ನಾನು ಎದ್ದು ಬರುವವರೆಗೂ ಆ ಗಾಲಿ ತಿರುಗುತ್ತಲೇ ಇತ್ತು.

ಅದಾದ ಒಂದು ವಾರಕ್ಕೆ ಸಿಂಧನೂರಿನ ಬಸ್‌ಸ್ಟ್ಯಾಂಡಿನಿಂದ ಯಾರೋ ಫೋನ್ ಮಾಡಿದರು. ಲಿಂಗಸುಗೂರಿನ ಬಸ್ಸಿನ ಮೇಲೆ ನಿಮ್ಮ ಹೆಸರಿಗೆ ಒಂದು ಸೈಕಲ್ ಬಂದಿದೆ, ಇಳಿಸಿಕೊಂಡು ಹೋಗಿ ಎಂದರು. ಹೋಗಿ ನೋಡಿದರೆ ಕಾಲೇಜಿಗೆ ಹೋಗುವಾಗ ನಾನು ಹೊಡೆಯುತ್ತಿದ್ದ ಗಾಡಿ. ಹೊಸ ಟೈರು, ಹೊಸ ಸೀಟು. ಸೊಟ್ಟಗಾಗಿದ್ದ ಚೈನ್ ಕವರನ್ನು ಅಪ್ಪ ಬಿಚ್ಚಿ ತೆಗೆದಿದ್ದ. ಚೈನಿನಿಂದ ಎಣ್ಣೆ ಇನ್ನೂ ತೊಟ್ಟಿಕ್ಕುವಂತಿತ್ತು. ಚೀಟಿ ಇರಲಿಲ್ಲ. ಕಂಡಕ್ಟರನ ಕೈಯಲ್ಲಿ ಒಂದು ಮಾತೂ ಹೇಳಿ ಕಳಿಸಿರಲಿಲ್ಲ. ಉಡುಗೊರೆಯಾಗಿ ಕಳಿಸಿದನೋ, ನನ್ನದೊಂದು ವಸ್ತುವೂ ಕಣ್ಣೆದುರು ಇರಬಾರದೆಂದು ಕಳಿಸಿದನೋ ನನಗೆ ತಿಳಿಯಲಿಲ್ಲ. ಅವ್ವನನ್ನು ಕೇಳಿದರೆ, "ನನಗೂ ಹೇಳಿಲ್ಲವ್ವ. ಎರಡು ದಿನ ಅದನ್ನ ಮುಂದಿಟ್ಕೊಂಡು ಕುಂತಿದ್ರು" ಎಂದಳು.

ಮದುವೆಯಾದ ಮೇಲೆ ನಮ್ಮನೆಯವರಿಗೆ ಬೇರೆ ಶಾಲೆಗೆ ವರ್ಗವಾಗಿತ್ತು, ಬೈಕಿನಲ್ಲಿ ಅವರು ಆ ಕಡೆ ಹೋಗುತ್ತಿದ್ದರು. ನನ್ನ ಕ್ಯಾಂಪಿನ ಶಾಲೆ ಮನೆಯಿಂದ ನಾಲ್ಕು ಕಿಲೋಮೀಟರ್. ಕಾಲುವೆಯ ದಂಡೆಯ ಮೇಲೆ ದಾರಿ. ಮಳೆ ಬಂದರೆ ಎರೆಮಣ್ಣಿನ ರಾಡಿ, ಬಿಸಿಲು ಬಿದ್ದರೆ ಅದೇ ಮಣ್ಣಿನ ಧೂಳು. ಎರಡೇ ತಿಂಗಳಲ್ಲಿ ಎಣ್ಣೆಯೂ ಧೂಳೂ ಕೂಡಿ ಚೈನಿನ ಮೇಲೆ ಕಾಡಿಗೆಯಂಥ ಕರಿ ಹಿಟ್ಟು ಕೂತಿತು. ದಿನಾ ಸೀರೆಯ ಅಂಚಿಗೆ ಕಲೆ. ಸೋಪು ಹಾಕಿ ಉಜ್ಜಿದರೆ ಇನ್ನಷ್ಟು ಹರಡುತ್ತಿತ್ತು. ನಾನು ಕಲೆಯಾದ ಅಂಚನ್ನು ಒಳಗೆ ಮಡಚಿ ಹೊಲಿದುಕೊಳ್ಳುತ್ತಿದ್ದೆ. ಹಾಗೆ ಹೊಲಿಯುತ್ತಿದ್ದುದನ್ನು ಒಂದು ದಿನ ಮಾವ ನೋಡಿದರು.

ಮಾವ ಕಾಲುವೆಯ ಸೌಡಿಯಾಗಿದ್ದವರು. ತೂಬಿನ ಬಾಗಿಲು ಎತ್ತಿ ಇಳಿಸಿ ಹೊಲಗಳಿಗೆ ನೀರು ಬಿಡುವ ಕೆಲಸ. ದಢೇಸುಗೂರಿನ ಕಡೆಯ ದಂಡೆಗಳ ಮೇಲೆ ಮೂವತ್ತು ವರ್ಷ ಸೈಕಲ್ ಹೊಡೆದು ನಿವೃತ್ತರಾಗಿದ್ದರು. ಅತ್ತೆ ತೀರಿಹೋಗಿ ಬಹಳ ದಿನವಾಗಿತ್ತು. ನಾನು ಆ ಮನೆಗೆ ಹೋದಾಗಿನಿಂದ ಅವರು ನನ್ನೊಡನೆ ಹೆಚ್ಚು ಮಾತಾಡಿರಲಿಲ್ಲ. ಬೇರೆ ಮನೆಯ ಹುಡುಗಿ, ಏನಂದರೆ ಏನು ತಿಳಿದುಕೊಳ್ಳುವಳೋ ಎಂಬ ಸಂಕೋಚ ಅವರಿಗೆ. ಅವತ್ತು ಬಾಗಿಲಲ್ಲಿ ನಿಂತು, "ಯವ್ವಾ, ಚೈನಿಗೆ ಎಣ್ಣಿ ಬಿಡೋದು ಬಿಟ್ಬಿಡು. ಮೇಣ ಹಚ್ಚೋಣು" ಅಂದರು.

ತೂಬಿನ ಬೀಗಗಳಿಗೆ ಗ್ರೀಸ್ ಹಚ್ಚಿದರೆ ಮಣ್ಣು ಮೆತ್ತಿಕೊಂಡು ಕೀಲಿಯೇ ಹೋಗದಂತಾಗುತ್ತಿತ್ತಂತೆ. ಅದಕ್ಕೆ ಅವರು ಮೇಣದಬತ್ತಿ ಕರಗಿಸಿ ಬೀಗದೊಳಗೆ ಹನಿಸುತ್ತಿದ್ದರು. ಚೈನಿಗೂ ಹಾಗೆ ಮಾಡಬಹುದೆಂದು ಅವರೇ ಯೋಚಿಸಿದ್ದು. ನಮ್ಮನೆಯವರು ಮೊಬೈಲಿನಲ್ಲಿ ಹುಡುಕಿ, ಯಾವುದೋ ದೇಶದವರು ಚೈನನ್ನು ಕರಗಿದ ಮೇಣದಲ್ಲಿ ಮುಳುಗಿಸಿ ತೆಗೆಯುವ ವಿಡಿಯೋ ತೋರಿಸಿದರು. ಮಾವ ಅದನ್ನು ನಾಲ್ಕು ಸಲ ನೋಡಿದರು. ಹುಣ್ಣಿಮೆಗಳಂದು ಬುದ್ಧನ ಮುಂದೆ ಹಚ್ಚಿ ಉಳಿದ ಬತ್ತಿಯ ತುಂಡುಗಳನ್ನು ಅವರು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಎಸೆಯಲು ಮನಸ್ಸಾಗದೆ ಇಟ್ಟದ್ದು ಈಗ ಕೆಲಸಕ್ಕೆ ಬಂತು.

ಒಂದು ಭಾನುವಾರ ಅಂಗಳದಲ್ಲಿ ಕೂತೆವು. ಮೊದಲು ಚೈನಿನ ಎಣ್ಣೆ ಪೂರ್ತಿ ಹೋಗಬೇಕು, ಇಲ್ಲವಾದರೆ ಮೇಣ ಹಿಡಿಯುವುದಿಲ್ಲ. ನಾನು ಲಾಕು ಬಿಚ್ಚಿ ಚೈನು ತೆಗೆದುಕೊಟ್ಟೆ. ಮಾವ ಅದನ್ನು ಬೋಗುಣಿಯಲ್ಲಿಟ್ಟು ಬೈಕಿನಿಂದ ತೆಗೆದ ಪೆಟ್ರೋಲ್ ಸುರಿದು ಬ್ರಷ್ಷಿನಿಂದ ತಿಕ್ಕತೊಡಗಿದರು. ಪೆಟ್ರೋಲ್ ಕಪ್ಪಾಯಿತು. ಅದನ್ನು ಬೇರೆ ಡಬ್ಬಿಗೆ ಹಾಕಿ ಮತ್ತೆ ಸುರಿದರು. ಅದೂ ಕಪ್ಪಾಯಿತು. ಆ ಕಪ್ಪನ್ನು ನೋಡುತ್ತ ನನಗೆ ಅಳು ಬಂತು. ಅಪ್ಪ ಕೊನೆಯ ಸಲ ನನ್ನ ಗಾಡಿಗೆ ಬಿಟ್ಟ ಎಣ್ಣೆ ಅದು.

ಮಾವ ಕೈ ನಿಲ್ಲಿಸಿದರು. ಅವರಿಗೆ ತಿಳಿದಿತ್ತು.

"ಬ್ಯಾಡಾದ್ರ ಬಿಡವ್ವ. ಹಂಗ ಒರಸಿ ಹಾಕಿಬಿಡ್ತೀನಿ."

"ಇಲ್ರಿ ಮಾವಾರ, ತೊಳೀರಿ. ಅರ್ಧ ತೊಳದೈತಿ, ಇನ್ನೇನ್ ಉಳೀತು."

ಮೂರನೇ ಸಲಕ್ಕೆ ಪೆಟ್ರೋಲ್ ತಿಳಿಯಾಯಿತು. ಚೈನನ್ನು ಬಿಸಿಲಿಗೆ ಒಣಗಿಸಿ, ವಾಸನೆ ಹೋದ ಮೇಲೆ ಅಡುಗೆಮನೆಗೆ ತಂದೆವು. ಪಾತ್ರೆಯಲ್ಲಿ ನೀರಿಟ್ಟು, ಆ ನೀರಿನೊಳಗೆ ಮೇಣದ ಡಬ್ಬಿ ಇಟ್ಟು ಕಾಸಿದರು. "ಡಬ್ಬಿ ನೇರ ಉರಿ ಮ್ಯಾಲ ಇಡಬಾರದು, ಮೇಣ ಭಗ್ಗಂತ ಹತ್ಕೊಂತೈತಿ" ಎಂದು ನನಗೆ ಹೇಳಿಕೊಟ್ಟರು. ಕರಗಿದ ಮೇಣದಲ್ಲಿ ಬತ್ತಿಯ ದಾರಗಳನ್ನು ಹೆಕ್ಕಿ ತೆಗೆದು, ಚೈನನ್ನು ಒಂದು ಕಡ್ಡಿಗೆ ಪೋಣಿಸಿ ಇಳಿಬಿಟ್ಟರು. ಕೊಂಡಿಗಳ ಸಂದಿಯಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ಗುಳ್ಳೆ ನಿಂತ ಮೇಲೆ ಎತ್ತಿ ಗೂಟಕ್ಕೆ ತೂಗುಹಾಕಿದರು. ಆರಿದಾಗ ಅದು ಕೋಲಿನಂತೆ ಸೆಟೆದು ನಿಂತಿತ್ತು. ಒಂದೊಂದೇ ಕೊಂಡಿಯನ್ನು ಬಗ್ಗಿಸಿ ಸಡಿಲ ಮಾಡಿ ಗಾಡಿಗೆ ಹಾಕಿದೆವು. ಮರುದಿನ ಶಾಲೆಗೆ ಹೋಗಿ ಬಂದು ಸೀರೆಯ ಅಂಚು ನೋಡಿದೆ. ಧೂಳಿತ್ತು, ಕೊಡವಿದರೆ ಹೋಯಿತು.

ಅಂದಿನಿಂದ ಮೇಣ ಹಾಕುವುದು ಮಾವನ ಕೆಲಸವಾಯಿತು. ಒಣ ದಿನಗಳಲ್ಲಿ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ. ಮಳೆಯಲ್ಲಿ ನೆನೆದು ಬಂದರೆ ನಾನು ತಲೆ ಒರೆಸಿಕೊಳ್ಳುವ ಮೊದಲು ಅವರು ಚೈನು ಒರೆಸುತ್ತಿದ್ದರು. ಅವರಿಗೂ ನನಗೂ ಮಾತು ಬೆಳೆದದ್ದು ಆ ಮೇಣದ ಡಬ್ಬಿಯ ಮುಂದೆಯೇ. ನಮ್ಮಪ್ಪನ ಅಂಗಡಿಯ ಬಗ್ಗೆ ಕೇಳುತ್ತಿದ್ದರು. ಯಾವ ಕಡೆಗೆ ಬಾಗಿಲು, ಬೆಳಗ್ಗೆ ಎಷ್ಟಕ್ಕೆ ತೆರೆಯುತ್ತಾರೆ, ಒಬ್ಬರೇ ಕೂರುತ್ತಾರೇನು. ನಾನು ಸುಮ್ಮನೆ ಹೇಳುತ್ತಿದ್ದೆ. ಯಾಕೆ ಕೇಳುತ್ತಾರೆಂದು ನನಗೆ ಹೊಳೆಯಲಿಲ್ಲ.

ಮೂರು ವರ್ಷ ಕಳೆದವು. ಅಪ್ಪನಿಗೆ ಕಣ್ಣು ಮಂಜಾಗಿದೆ, ಆದರೂ ಅಂಗಡಿ ಬಿಡುತ್ತಿಲ್ಲ ಎಂದು ಅವ್ವ ಫೋನಿನಲ್ಲಿ ಹೇಳಿದ್ದಳು. ಆ ವರ್ಷದ ಬುದ್ಧ ಪೂರ್ಣಿಮೆಗೆ ನಾವು ಮೂವರೂ ಬಿಳಿ ಬಟ್ಟೆ ಉಟ್ಟು ಮಸ್ಕಿಯ ಅಶೋಕನ ಶಾಸನದ ಗುಡ್ಡಕ್ಕೆ ಹೋದೆವು. ಬಿಸಿಲಿಗೆ ಬಂಡೆಗಳು ಕಾದಿದ್ದವು. ಮೇಣದಬತ್ತಿಗಳು ಹಚ್ಚುವ ಮೊದಲೇ ಬಾಗುತ್ತಿದ್ದವು. ಕೆಳಗಿಳಿದು ಬಸ್‌ಸ್ಟ್ಯಾಂಡಿಗೆ ಬಂದಾಗ ಮಾವ, "ನೀವಿಬ್ರೂ ಮನಿಗಿ ಹೋಗ್ರಿ. ನನ್ನದೊಂದು ಸಣ್ಣ ಕೆಲಸ ಐತಿ" ಎಂದವರೇ ಲಿಂಗಸುಗೂರಿನ ಬಸ್ಸು ಹತ್ತಿಬಿಟ್ಟರು. ಅವರ ಕೈಚೀಲದಲ್ಲಿ ನನ್ನ ಸೈಕಲ್ಲಿನ ಚೈನಿತ್ತು. ರಜೆಯಲ್ಲವೇ ಎಂದು ಹಿಂದಿನ ದಿನ ಮೇಣಕ್ಕೆಂದು ಬಿಚ್ಚಿದ್ದು.

ಸಂಜೆ ಹಿಂದಿರುಗಿ ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಎಲ್ಲವನ್ನೂ ಹೇಳಿದರು.

ಅಪ್ಪನಿಗೆ ಅವರ ಗುರುತು ಇರಲಿಲ್ಲ. ಏನು ಬೇಕು ಯಜಮಾನರೇ ಎಂದು ಕೇಳಿದ. ಇವರು ಚೈನು ತೆಗೆದುಕೊಟ್ಟು, ಇದು ಇನ್ನೂ ನಡೆಯುತ್ತದೋ ಹೊಸದು ಹಾಕಬೇಕೋ ನೋಡಿ ಎಂದರು. ಅಪ್ಪ ಅದನ್ನು ಬೆರಳಿನಿಂದ ತಿಕ್ಕಿ, ಮೂಗಿನ ಹತ್ತಿರ ಹಿಡಿದು ಕೇಳಿದನಂತೆ:

"ಎಣ್ಣಿ ಮುಟ್ಟಿಸಿಲ್ಲ ಇದಕ್ಕ. ತುಕ್ಕೂ ಇಲ್ಲ. ಏನ್ ಹಚ್ಚೀರಿ?"

"ಮೇಣಾರೀ. ಮೇಣದಬತ್ತಿ ಕರಗಿಸಿ ಅದರಾಗ ಅದ್ದಿ ತಗೀತೀನಿ."

"ಯಾಕ ಅಷ್ಟು ತ್ರಾಸ? ಎರಡು ಹನಿ ಎಣ್ಣಿ ಬಿಟ್ರ ಆತಲ್ಲ."

"ನಮ್ಮ ಕಡೆ ಎರಿಮಣ್ಣು. ಎಣ್ಣಿಗಿ ಮೆತ್ತಿ ನನ್ನ ಸೊಸಿ ಸೀರಿ ಹಾಳಾಗ್ತಾವು. ಸಾಲಿಗಿ ಸೈಕಲ್ ಮ್ಯಾಲ ಹೋಗ್ತಾಳಾಕಿ."

"ಯಾವೂರು ನಿಮ್ದು?"

"ಸಿಂಧನೂರು."

ಅಪ್ಪ ಚೈನು ಹಿಡಿದುಕೊಂಡೇ ಎದ್ದನಂತೆ. ಹೊಸ ಚೈನೊಂದನ್ನು ಮೊಳೆಗೆ ಹಾಕಿ ಅದರ ಪಕ್ಕ ನನ್ನದನ್ನು ತೂಗುಬಿಟ್ಟು ಉದ್ದ ನೋಡಿದ. ಸವೆದು ಹಿಗ್ಗಿತ್ತು. ಆಮೇಲೆ, "ಆ ಗಾಡಿ ಹಿಂದಿನ ಗಾಲಿದೊಂದು ಕಡ್ಡಿ ಸಡ್ಲ ಆಕ್ಕಿತ್ತು, ಎಷ್ಟು ಬಿಗಿ ಮಾಡಿದ್ರೂ. ಈಗೂ ಆಗ್ತೈತೇನು?" ಎಂದು ಕೇಳಿದ.

"ಆಗ್ತೈತಿ. ಆಕಿನ ಬಿಗಿ ಮಾಡ್ಕೊಂತಾಳ. ನೀವ ಕಲಿಸೀರಂತಲ್ಲ" ಎಂದರು ಮಾವ.

ಅಪ್ಪ ಹೊಸ ಚೈನು ಕಾಗದದಲ್ಲಿ ಸುತ್ತಿಕೊಟ್ಟ, ದುಡ್ಡು ಮುಟ್ಟಲಿಲ್ಲ. ಹಳೆಯದನ್ನು ಇಲ್ಲಿಯೇ ಬಿಟ್ಟು ಹೋಗಿ ಎಂದ. "ಚಹಾನೂ ತರಿಸಿ ಕೊಟ್ರವ್ವ" ಎಂದು ಮಾವ ಮಾತು ಮುಗಿಸಿದರು.

ನಾನು ಕಂಬ ಹಿಡಿದು ನಿಂತಿದ್ದೆ. "ನನ್ನ ಬಗ್ಗೆ ಏನೂ ಕೇಳಲಿಲ್ಲೇನ್ರಿ?"

"ಗಾಲಿ ಬಗ್ಗೆ ಕೇಳಿದ್ರಲ್ಲವ್ವ. ಮತ್ತೇನ್ ಕೇಳ್ಬೇಕು?"

ನಾಳೆಯೇ ಹೋಗಿ ಬರೋಣ ಎಂದರು ನಮ್ಮನೆಯವರು. ನನಗೆ ಧೈರ್ಯವಾಗಲಿಲ್ಲ. ಗಾಲಿಯ ಬಗ್ಗೆ ಕೇಳಿದವನು ನನ್ನ ಮುಖ ಕಂಡರೆ ಮತ್ತೆ ತಿರುಗಿ ಕೂತುಬಿಟ್ಟರೆ? ಇಷ್ಟು ಸಿಕ್ಕಿದ್ದು ಹೋಗಿಬಿಟ್ಟರೆ? ಶಾಲೆ ಶುರುವಾಗಲಿ ಎಂದೆ. ಶುರುವಾದ ಮೇಲೆ ತರಬೇತಿ ಎಂದೆ, ಗಣತಿ ಕೆಲಸ ಎಂದೆ. ದಸರಾ ರಜೆಯಲ್ಲಿ ಖಂಡಿತ ಹೋಗುವುದೆಂದು ನನಗೆ ನಾನೇ ಹೇಳಿಕೊಂಡೆ. ಅಪ್ಪನಿಗೆಂದು ಒಂದು ಬಿಳಿ ಅಂಗಿಯ ಬಟ್ಟೆ ಕೂಡ ತಂದಿಟ್ಟಿದ್ದೆ.

ಶ್ರಾವಣದ ಒಂದು ಬೆಳಗ್ಗೆ, ಮಕ್ಕಳು ಪ್ರಾರ್ಥನೆಗೆ ನಿಂತಾಗ ಅವ್ವನ ಫೋನ್ ಬಂತು. "ನಿಮ್ಮಪ್ಪ ಅಂಗಡ್ಯಾಗ ಕುಂತಲ್ಲೇ ವಾಲ್ಯಾರ. ದವಾಖಾನಿಗಿ ಒಯ್ದ್ರು. ಏನೂ ಉಳಿದಿಲ್ಲವ್ವ." ಇಷ್ಟೇ ಹೇಳಿದಳು.

ನಾನು ಮನೆ ಮುಟ್ಟಿದಾಗ, ಸುದ್ದಿ ಕೇಳಿ ಬಂದಿದ್ದ ನಮ್ಮನೆಯವರು ಹೊರಡಲು ಬೇರೆ ಅಂಗಿ ಹಾಕಿಕೊಳ್ಳುತ್ತಿದ್ದರು. ಮಾವ ತಡೆದರು. "ನೀ ಬರಬ್ಯಾಡ. ನಿನ್ನ ಕಂಡ್ರ ಹೆಣದ ಮುಂದ ಜಗಳ ಆಗ್ತೈತಿ. ನಾ ಮುದುಕ, ನನಗ ಯಾರೇನ್ ಅಂತಾರ. ಆಕಿನ್ನ ನಾ ಕರ್ಕೊಂಡು ಹೋಗ್ತೀನಿ."

ನಾವು ಮುಟ್ಟಿದಾಗ ಅಪ್ಪನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಬಾಗಿಲಲ್ಲಿ ಕಾಕಾ ನಿಂತಿದ್ದ, ಅಪ್ಪನ ತಮ್ಮ. "ಅಲ್ಲಿಂದನ ನೋಡಿ ಹೋಗು" ಎಂದ. ಒಳಗಿನಿಂದ ಅವ್ವ ಎದ್ದು ಬಂದಳು. ಜೀವಮಾನದಲ್ಲಿ ಮೈದುನನ ಎದುರು ದನಿ ಎತ್ತಿದವಳಲ್ಲ. "ಆಕಿ ನನ್ನ ಮಗಳು. ಬರ್ಲಿ" ಎಂದಳು. ಕಾಕಾ ಸರಿದ. ಮಾವ ಬಾಗಿಲವರೆಗೂ ಬರಲಿಲ್ಲ. ರಸ್ತೆಯ ಆಚೆ ಬೇವಿನ ಗಿಡದ ಕೆಳಗೆ ನಿಂತುಬಿಟ್ಟಿದ್ದರು.

ಅಪ್ಪನ ಕಾಲು ಹಿಡಿದುಕೊಂಡೆ. ಆಮೇಲೆ ಕೈ ಹಿಡಿದೆ. ಬಲಗೈಯ ಮೇಲೆ, ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಚರ್ಮ ಸುಟ್ಟು ಮಾಸಿದ ಗುರುತಿತ್ತು. ನಾನು ಮನೆ ಬಿಟ್ಟು ಬರುವಾಗ ಅದು ಇರಲಿಲ್ಲ.

ಗಂಡಸರೆಲ್ಲ ಮಣ್ಣಿಗೆ ಹೋದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಅವ್ವನ ಪಕ್ಕ ಕೂತು ಆ ಗುರುತಿನ ಬಗ್ಗೆ ಕೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ದನಿ ತಗ್ಗಿಸಿದಳು.

"ನಿಮ್ಮ ಮಾವ ಬಂದು ಹೋದ್ರಲ್ಲ, ಅದಾಗಿ ಒಂದು ವಾರಕ್ಕ ಒಂದು ಪುಡಿಕಿ ಮೇಣದಬತ್ತಿ ತಂದ್ರವ್ವ. ಆ ಹಳೇ ಚೈನೂ ತಂದಿದ್ರು. ಡಬ್ಬ್ಯಾಗ ಬತ್ತಿ ಹಾಕಿ ಗ್ಯಾಸಿನ ಮ್ಯಾಲ ಇಟ್ರು. ಕಣ್ಣ ಬ್ಯಾರೆ ಸರಿ ಕಾಣಂಗಿಲ್ಲ. ಒಮ್ಮಿಗೇ ಬೆಂಕಿ ಹತ್ತಿಬಿಡ್ತು. ಹೊರಗ ಒಯ್ದು ಒಗ್ಯಾಕ ಹೋಗಿ ಕೈಮ್ಯಾಲ ಚೆಲ್ಕೊಂಡ್ರು."

"ನನಗ್ಯಾಕ ಹೇಳಲಿಲ್ಲ ನೀ?"

"ಹೇಳಬ್ಯಾಡ ಅಂದ್ರು. ನಕ್ಕಾರು ಅಂದ್ರು."

ಆಮೇಲೆ ಇನ್ನೊಂದು ಹೇಳಿದಳು. ಮಾವ ಬಂದು ಹೋದ ದಿನ ಅಪ್ಪ ರಾತ್ರಿ ಊಟಕ್ಕೇಳಲಿಲ್ಲ. ಏನಾಯಿತು ಎಂದರೆ, ಆತನಿಗೆ ಕಾಗದದ ಕಪ್ಪಿನಲ್ಲಿ ಚಹಾ ಕೊಟ್ಟೆ, ನಾನು ಗ್ಲಾಸಿನಲ್ಲಿ ಕುಡಿದೆ, ಆತ ನೋಡಿದ, ನೋಡಿಯೂ ಕುಡಿದ ಎಂದನಂತೆ. ಗ್ಲಾಸು ಎರಡಿದ್ದವು ಎಂದನಂತೆ. ಅದನ್ನೇ ಎರಡು ಮೂರು ಸಲ ಹೇಳಿದನಂತೆ.

"ಹೋದ ತಿಂಗಳು ಒಂದಿನ, ಹೋಗಿ ಬರ್ಲ್ಯಾ ಅಂತ ಕೇಳಿದ್ರು ನನ್ನ," ಎಂದಳು ಅವ್ವ. "ಎಲ್ಲಿಗಿ ಅಂತ ನನಗ ಗೊತ್ತಾತು. ಕೇಳಿದ್ರ ಎಲ್ಲಿ ಸಿಟ್ಟಿಗೇಳ್ತಾರೋ ಅಂತ ಸುಮ್ನಾದೆ. ಒಂದು ಮಾತು ಹೋಗ್ರಿ ಅಂದಿದ್ರ ಹೋಗ್ತಿದ್ರೋ ಏನೋ."

ನಾನೂ ಸುಮ್ಮನಿದ್ದವಳೇ.

ಸಂಜೆ ಹೊರಗೆ ಬಂದಾಗ ಮಾವ ಅದೇ ಬೇವಿನ ಗಿಡದ ಬುಡದಲ್ಲಿ ಕೂತಿದ್ದರು. ಮಣ್ಣಿಗೆ ಹೋಗುವಾಗ ಎಲ್ಲರ ಹಿಂದೆ, ದೂರದಲ್ಲಿ ನಡೆದು ಹೋಗಿ, ಒಂದು ಹಿಡಿ ಮಣ್ಣು ಹಾಕಲು ಬಿಡುತ್ತಾರೋ ಇಲ್ಲವೋ ಎಂದು ಮುಂದೆ ಹೋಗದೆ ತಿರುಗಿ ಬಂದಿದ್ದರು. ಬೆಳಗಿನಿಂದ ಏನೂ ತಿಂದಿರಲಿಲ್ಲ.

ಬಸ್ಸಿನಲ್ಲಿ ನಾನು ಆ ಕಾಗದದ ಕಪ್ಪಿನ ಮಾತು ತೆಗೆದೆ. "ಅವತ್ತು ನನಗ್ಯಾಕ ಹೇಳಲಿಲ್ರಿ ಮಾವಾರ?"

ಅವರು ಕಿಟಕಿಯ ಕಡೆ ನೋಡುತ್ತಿದ್ದರು. "ಹೇಳಿದ್ರ ನೀ ನಿಮ್ಮಪ್ಪನ್ನ ಮನಸಿನಿಂದ ತಗದಬಿಡ್ತಿದ್ದಿ. ನನಗೇನವ್ವ, ಹಿಂತಾವು ಎಷ್ಟು ಕಪ್ ಕುಡದೀನಿ. ಆದ್ರ ಆ ಮನುಷ್ಯಾಂದು ಕೊಡುಮುಂದ ಕೈ ನಡುಗಿತು. ನಡುಗಿದ ಕೈ ನಾ ಮೊದಲ ಸಲ ನೋಡಿದ್ದು."

ಸುಟ್ಟ ಕೈಯ ವಿಷಯ ಹೇಳಬಾರದೆಂದುಕೊಂಡಿದ್ದೆ. ಮಸ್ಕಿ ದಾಟುವಷ್ಟರಲ್ಲಿ ಹೇಳಿಬಿಟ್ಟೆ. ಒಬ್ಬಳೇ ಹೊರಲು ಆಗಲಿಲ್ಲ. ಮಾವ ನನ್ನ ಕಡೆ ತಿರುಗಿದರು.

"ನೀರಾಗ ಇಟ್ಟು ಕಾಸ್ಬೇಕು ಅಂತ ನಾ ಹೇಳಲಿಲ್ಲವ್ವ. ಅದೊಂದು ಹೇಳಲಿಲ್ಲ."

"ನಿಮಗೇನ್ ಗೊತ್ತಿತ್ರಿ, ಅವ್ರು ಮಾಡಿ ನೋಡ್ತಾರಂತ."

"ಸೈಕಲ್ ಅಂಗಡಿ ಮನುಷ್ಯಾ. ಮಾಡಿ ನೋಡದ ಇರ್ತಾರೇನು?" ಎಂದು ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು. ಅದಾದ ಮೇಲೆ ಬಹಳ ದಿನ ಅವರು ಮೇಣದ ಡಬ್ಬಿ ಮುಟ್ಟಲಿಲ್ಲ. ನಾನೂ ಕೇಳಲಿಲ್ಲ. ಚೈನು ಒಣಗಿ ಕಿರುಗುಡತೊಡಗಿದಾಗ ಒಂದು ಭಾನುವಾರ ನಾನೇ ಬಿಚ್ಚಿ, ತೊಳೆದು, ಮೇಣಕ್ಕೆ ಹಾಕಿದೆ. ಈಗಲೂ ನಾನೇ ಮಾಡಿಕೊಳ್ಳುತ್ತೇನೆ.

ಅವ್ವ ಮೊದಲ ಸಲ ನಮ್ಮ ಮನೆಗೆ ಬಂದದ್ದು ಆ ಚಳಿಗಾಲದಲ್ಲಿ. ಕಾಕಾನಿಗೆ ದವಾಖಾನೆಗೆ ಹೋಗುತ್ತೇನೆಂದು ಹೇಳಿ ಬಂದಿದ್ದಳು. ಬುದ್ಧನ ಮೂರ್ತಿಯ ಮುಂದೆ ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಕೈಮುಗಿದಳು. ನಾನು ಮಾಡಿದ ರೊಟ್ಟಿ, ಪುಂಡಿಪಲ್ಯ ಉಂಡಳು. ಊಟವಾದ ಮೇಲೆ ಕಟ್ಟೆಯ ಮೇಲೆ ಮಾವನ ಎದುರು ಕೂತು, "ಅಣ್ಣಾರ, ಅವತ್ತು ನಮ್ಮವರು ಏನೇನ್ ಮಾತಾಡಿದ್ರು, ನನಗೊಮ್ಮೆ ಎಲ್ಲಾ ಹೇಳ್ರಿ" ಎಂದು ಕೇಳಿದಳು.

ಮಾವ ಹೇಳಿದರು. ಅಪ್ಪ ಚೈನು ಮೂಸಿ ನೋಡಿದ್ದು, ಮೊಳೆಗೆ ತೂಗುಹಾಕಿ ಉದ್ದ ಅಳೆದದ್ದು, ಗಾಲಿಯ ಕಡ್ಡಿಯ ಬಗ್ಗೆ ಕೇಳಿದ್ದು. ಒಂದೂ ಬಿಡದೆ ನಿಧಾನಕ್ಕೆ ಹೇಳಿದರು. ಕೊನೆಗೆ, "ಬಿಸಿಲಾಗ ಬಂದೀರಿ ಅಂತ ಚಹಾ ತರಿಸಿದ್ರವ್ವ. ಇಬ್ರೂ ಕೂಡಿ ಕುಡದ್ವಿ" ಎಂದರು.

ಅವ್ವನಿಗೆ ಎಲ್ಲವೂ ಗೊತ್ತಿತ್ತು. ಅವಳು ತಲೆ ತಗ್ಗಿಸಿ, "ಹೌದ್ರಿ, ಕೂಡಿ ಕುಡದ್ವಿ ಅಂತ ಮನ್ಯಾಗೂ ಹೇಳಿದ್ರು" ಎಂದಳು. ನಾನು ಎದ್ದು ಒಳಗೆ ಹೋದೆ.